ಕಲ್ಲಂಗಡಿ ಸಿಪ್ಪೆ ಜಾಮ್: ಸಕ್ಕರೆ ಕಡಿಮೆ ಹಾಕಿದ್ದರೆ ಹೊರಗೆ ಇಡಬೇಡಿ

ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಆದದ್ದನ್ನು ಬರೆಯುತ್ತಿದ್ದೇನೆ. ಹಣ್ಣಿನ ಸಿಪ್ಪೆ ಬಿಸಾಡದೆ ಜಾಮ್, ಜೆಲ್ಲಿ ಮಾಡಿಡುವವರು ದಯವಿಟ್ಟು ಪೂರ್ತಿ ಓದಿ.

ದೊಡ್ಡದೊಂದು ಕಲ್ಲಂಗಡಿ ತಂದಿದ್ದೆವು. ಹಸಿರು ಸಿಪ್ಪೆ ಹೆರೆದು ಬಿಳಿ ಭಾಗ ಹೆಚ್ಚಿದರೆ ಒಂದು ಕೆಜಿ ಆಯಿತು. ಅಮ್ಮ ಆಗಿದ್ದರೆ ದೋಸೆಗೆ ರುಬ್ಬುತ್ತಿದ್ದರು. ನಾನು ಜಾಮ್ ಮಾಡಿದೆ. ಅಕ್ಕ ಫೋನಿನಲ್ಲಿ ಹೇಳಿದ್ದು ಸಮಸಮ ಸಕ್ಕರೆ, ನಾಲ್ಕು ನಿಂಬೆಹಣ್ಣು. ಅತ್ತೆಗೆ ಶುಗರ್ ಇದೆ ಅಂತ ನಾನು ಹಾಕಿದ್ದು ಕಾಲು ಕೆಜಿ ಸಕ್ಕರೆ, ಒಂದೇ ನಿಂಬೆ. ಹಳೆಯ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಸಿ ಜಾಮ್ ತುಂಬಿ ಒಲೆ ಮೇಲಿನ ಶೆಲ್ಫಿನಲ್ಲಿಟ್ಟೆ.

ಒಂಬತ್ತನೇ ದಿನ ನೋಡಿದರೆ ಮುಚ್ಚಳ ಉಬ್ಬಿತ್ತು. ತಿರುಗಿಸಿದ ಕೂಡಲೇ ಬುಸ್ ಅಂತ ಗಾಳಿ ಬಂತು, ಅಂಚಿನಲ್ಲಿ ನೊರೆ, ಒಂದು ಕಡೆ ಹಸಿರು ಬೂಷ್ಟು. ಬೂಷ್ಟು ಚಮಚದಲ್ಲಿ ತೆಗೆದು, ಉಳಿದದ್ದನ್ನು ಇನ್ನೊಮ್ಮೆ ಕುದಿಸಿದೆ. ಒಂದು ಕೆಜಿ ಸಿಪ್ಪೆ ಹೆಚ್ಚಿದ ಶ್ರಮ ನೆನಪಾಗಿ ಬಿಸಾಡಲು ಮನಸ್ಸೇ ಬರಲಿಲ್ಲ. ರಾತ್ರಿ ಚಪಾತಿ ಜೊತೆ ನಾನೂ ಮಗನೂ ತಿಂದೆವು. ಬೆಳಗಿನ ಜಾವದಿಂದ ಇಬ್ಬರಿಗೂ ವಾಂತಿ, ಭೇದಿ. ಮಗನಿಗೆ ಎರಡು ದಿನ ಡ್ರಿಪ್ ಹಾಕಿದರು. ಆರು ವರ್ಷದ ಹುಡುಗ, ಕಣ್ಣು ಗುಳಿ ಬಿದ್ದಿತ್ತು. ಅತ್ತೆ ಅವತ್ತು ತಿಂದಿರಲಿಲ್ಲ, ಪುಣ್ಯ.

ಕುದಿಸಿದ್ದೆನಲ್ಲ ಅಂದೆ. ಕ್ರಿಮಿ ಸತ್ತರೂ ಅದು ಬಿಟ್ಟ ಕೆಲವು ವಿಷ ಕುದಿಸಿದರೆ ಹೋಗುವುದಿಲ್ಲ ಅಂದರು ಡಾಕ್ಟರ್. ಬೂಷ್ಟಿನ ಎಳೆಗಳೂ ಕಣ್ಣಿಗೆ ಕಾಣದೆ ಒಳಗೆ ಇಳಿದಿರುತ್ತವೆ.

ಸಕ್ಕರೆ, ನಿಂಬೆ ಬರೀ ರುಚಿಗೆ ಅಂತ ತಿಳಿದಿದ್ದೆ. ಜಾಮ್ ಕೆಡದಂತೆ ಕಾಯುವುದೇ ಅವೆರಡು. ಹೊರಗಿಡುವ ಜಾಮ್, ಜೆಲ್ಲಿಯಲ್ಲಿ ಸಕ್ಕರೆ ಅಂಶ ಸುಮಾರು 65 ಪರ್ಸೆಂಟ್ ಇರಬೇಕು. ಆಗ ಕ್ರಿಮಿಗೆ ನೀರು ಸಿಗುವುದಿಲ್ಲ. ಅನಾನಸ್, ಸೇಬಿನ ಸಿಪ್ಪೆಗೆ ತನ್ನದೇ ಹುಳಿ ಇದೆ. ಕಲ್ಲಂಗಡಿಗೆ ಹುಳಿಯೇ ಇಲ್ಲ. ಹುಳಿ ಸಾಲದ ಪದಾರ್ಥವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟುಲಿಸಂ (ನರಗಳನ್ನು ಸ್ತಬ್ಧಗೊಳಿಸಿ ಪ್ರಾಣಕ್ಕೇ ಕುತ್ತು ತರುವ ಆಹಾರ ವಿಷ) ತರುವ ಕ್ರಿಮಿ ಬೆಳೆಯಬಹುದು. ಅದರ ಬೀಜಾಣು ಕುದಿಯುವ ನೀರಿನಲ್ಲಿ ಸಾಯುವುದಿಲ್ಲ, 121 ಡಿಗ್ರಿ ಶಾಖ ಬೇಕು. ಅದರ ವಿಷಕ್ಕೆ ವಾಸನೆಯೂ ಇಲ್ಲ, ಮುಚ್ಚಳ ಉಬ್ಬಲೇಬೇಕು ಅಂತಲೂ ಇಲ್ಲ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವುದೂ ಇದೇ ಕಾರಣಕ್ಕೆ ಅಪಾಯ.

ವಿದೇಶದ ವಿಡಿಯೊ ನೋಡಿ ಮಾಡುವವರಿಗೆ ಇನ್ನೊಂದು ಮಾತು. ತುಂಬಿದ ಜಾಮ್ ಬಾಟಲಿಯನ್ನು ಕುದಿಯುವ ನೀರಿನಲ್ಲಿ 5 ನಿಮಿಷ ಇಡಿ ಅನ್ನುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. 10 ನಿಮಿಷ ಬೇಕು. ಮುಚ್ಚಳವೂ ಹೊಸದೇ ಆಗಬೇಕು.

ಸಕ್ಕರೆ ಕಡಿಮೆ ಬೇಕಿದ್ದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಮುಗಿಸಿ.

ಉಳಿದ ಎರಡು ಬಾಟಲಿಗಳ ಮುಚ್ಚಳ ತೆಗೆಯಲಿಲ್ಲ. ಪೇಪರಿನಲ್ಲಿ ಸುತ್ತಿ, ಎರಡು ಕವರ್ ಕಟ್ಟಿ ಕಸಕ್ಕೆ ಕೊಟ್ಟೆ. ಹಸುವಿಗಾದರೂ ಹಾಕೋಣ ಅಂತ ಪಕ್ಕದ ಮನೆಯವರು ಕೇಳಿದರು. ಕೊಡಲಿಲ್ಲ.