ಫ್ಯಾಷನ್ ಸ್ಪರ್ಧೆಯ ಆಟದಲ್ಲಿ ವಜ್ರ ಕೊಳ್ಳುವ ಮೊದಲು ಇದನ್ನು ಓದಿ

ಮೊಬೈಲಿನಲ್ಲಿ ಫ್ಯಾಷನ್ ಸ್ಪರ್ಧೆಯ ಆಟ ಆಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಮಕ್ಕಳ ಕೈಗೆ ಅಂಥ ಆಟ ಕೊಟ್ಟಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಥೀಮಿಗೆ ತಕ್ಕಂತೆ ಉಡುಗೆ ಹೊಂದಿಸುವ ಜಾಣ್ಮೆಗೆ ಅಲ್ಲಿ ಅಂಕ ಸಿಗುತ್ತದೆ ಎಂದು ನಂಬಿ ವಜ್ರಕ್ಕೆ, ಅಂದರೆ ಹಣ ಕೊಟ್ಟು ಕೊಳ್ಳುವ ಆಟದೊಳಗಿನ ನಾಣ್ಯಕ್ಕೆ, ಹಣ ಹಾಕಬೇಡಿ. ನಾನು ಆಡುತ್ತಿದ್ದ ಆಟದಲ್ಲಿ ಅಂಕ ಬೀಳುತ್ತಿದ್ದದ್ದು ಖರೀದಿಗೆ. ಅದು ಗೊತ್ತಾಗಿ ಆಟವನ್ನು ಮೊಬೈಲಿನಿಂದ ತೆಗೆದುಹಾಕಿದ ಮೇಲೂ ನನ್ನ ಖಾತೆಯಿಂದ ಹಣ ಕಡಿತವಾಗುತ್ತಲೇ ಇತ್ತು.

ಈ ಬಗೆಯ ಆಟಗಳು ಹೊಸವಲ್ಲ. ಕವೆಟ್ ಫ್ಯಾಷನ್ 2013ರಲ್ಲೇ ಬಂದಿತ್ತು. ರೋಬ್ಲಾಕ್ಸ್ ಎಂಬ ಆಟಗಳ ತಾಣದ ಡ್ರೆಸ್ ಟು ಇಂಪ್ರೆಸ್ 2024ರಲ್ಲಿ ಮಕ್ಕಳ ನಡುವೆ ಬಹಳ ಹರಡಿತು. ಕೊಟ್ಟ ಥೀಮಿಗೆ ಕೆಲವೇ ನಿಮಿಷಗಳಲ್ಲಿ ಗೊಂಬೆಯನ್ನು ಸಿಂಗರಿಸಿ ರ‍್ಯಾಂಪಿನ ಮೇಲೆ ನಡೆಸಬೇಕು, ಜೊತೆಯ ಆಟಗಾರರು ನಕ್ಷತ್ರಗಳನ್ನು ಕೊಡುತ್ತಾರೆ. ನಾನು ಆಡಿದ್ದು ಇವೆರಡೂ ಅಲ್ಲದ ಇನ್ನೊಂದು ಆಟ. ಅದರ ಹೆಸರು ಇಲ್ಲಿ ಬೇಡ. ರವಿಕೆ ಹೊಲಿಯುವುದು ನನ್ನ ಕಸುಬು. ಬಣ್ಣಕ್ಕೆ ಬಣ್ಣ, ಅಂಚಿಗೆ ತೋಳು ಹೊಂದಿಸುವ ಕೆಲಸವೇ ಆಟವಾಗಿ ಸಿಕ್ಕಿದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಒಮ್ಮೆ ‘ದಕ್ಷಿಣ ಭಾರತದ ವಧು’ ಎಂಬ ಥೀಮ್ ಬಂತು. ಆಟದಲ್ಲಿದ್ದ ಒಂದೇ ಒಂದು ಸೀರೆಗೆ ಕಡುಹಸಿರು ಒಡಲು, ಕೆಂಪು ಅಂಚು ಕೊಟ್ಟೆ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳ ಸಾಲು ಇರುತ್ತದಲ್ಲ, ಅದಕ್ಕೆ ಹತ್ತಿರವಾಗುವ ಸೆರಗೊಂದನ್ನು ಹುಡುಕಿ ಜೋಡಿಸಿದೆ. ಹಸಿರು ಗಾಜಿನ ಬಳೆ, ಜಡೆಗೆ ಮಲ್ಲಿಗೆ ದಂಡೆ. ಬಾಸಿಂಗ ಇರಲಿಲ್ಲವಾದ್ದರಿಂದ ಹಣೆಗೆ ಅದರಂತೆ ಕಾಣುವ ಒಂದು ಪಟ್ಟಿ. ಆ ಥೀಮಿನಲ್ಲಿ ಮೊದಲ ಸ್ಥಾನ ಪಡೆದದ್ದು ಬೆನ್ನಿಗೆ ರೆಕ್ಕೆ, ತಲೆಗೆ ಹರಳಿನ ಕಿರೀಟ ಇದ್ದ ನೀಲಿ ಲೆಹೆಂಗಾ. ಸೋತದ್ದಕ್ಕೆ ನನಗೆ ಬೇಸರವಿಲ್ಲ. ನಮ್ಮ ಮದುಮಗಳ ಉಡುಗೆಯನ್ನೇ ವಿಷಯವಾಗಿ ಕೊಟ್ಟು, ಆ ಉಡುಗೆಗೆ ಕಿಂಚಿತ್ತೂ ಸಂಬಂಧವಿಲ್ಲದ್ದಕ್ಕೆ ಬಹುಮಾನ ಕೊಟ್ಟರಲ್ಲ, ಅದಕ್ಕೆ ಸಿಟ್ಟು ಬಂತು.

ಕಾರಣ ಹುಡುಕಿದೆ. ಸಹಾಯ ಪುಟದ ಕೊನೆಯಲ್ಲಿ, ಯಾರೂ ಇಳಿದು ಓದದ ಜಾಗದಲ್ಲಿ ಬರೆದಿತ್ತು: ಒಟ್ಟು ಅಂಕದಲ್ಲಿ ಮತಗಳದ್ದು ಒಂದು ಭಾಗ, ಉಡುಪಿನ ‘ಮೌಲ್ಯ’ದ್ದು ಇನ್ನೊಂದು ಭಾಗ. ಈ ತಿಂಗಳ ಹೊಸ ಸರಕು ತೊಟ್ಟರೆ ಹೆಚ್ಚುವರಿ ಅಂಕ, ಹಿಂದೆ ಒಮ್ಮೆ ತೊಟ್ಟದ್ದನ್ನೇ ಮತ್ತೆ ತೊಟ್ಟರೆ ಕಡಿತ. ಪರೀಕ್ಷಿಸಲೆಂದು ಮುಂದಿನ ಥೀಮುಗಳಲ್ಲಿ ನನ್ನ ಎಂದಿನ ಬಗೆಯ ಉಡುಗೆಗೆ ಹೊಸದಾಗಿ ಬಂದ ಕಿರೀಟವೊಂದನ್ನು, ಥೀಮಿಗೆ ಹೊಂದದಿದ್ದರೂ, ಸೇರಿಸಿ ಕಳಿಸಿದೆ. ಅಂಕ ಏರಿತು. ಇನ್ನು ಮತಗಳ ಮಾತು. ಮತ ಹಾಕಿದಷ್ಟೂ ಪ್ರವೇಶದ ಟಿಕೆಟ್ ಸಿಗುವುದರಿಂದ ಹೆಚ್ಚಿನವರು ಚಿತ್ರವನ್ನು ನೋಡದೆ ಒಂದರ ಹಿಂದೊಂದು ಒತ್ತುತ್ತಾ ಹೋಗುತ್ತಾರೆ. ಹೊಳೆಯುವುದು ಕಣ್ಣಿಗೆ ಬೀಳುತ್ತದೆ. ಹೊಳೆಯುವುದೆಲ್ಲ ವಜ್ರ ಕೊಟ್ಟು ಕೊಳ್ಳುವಂಥದ್ದು.

ಆ ಹೊಸ ಸರಕನ್ನಾದರೂ ನೇರವಾಗಿ ಮಾರುತ್ತಾರೆಯೇ? ಇಲ್ಲ. ‘ಅಚ್ಚರಿಯ ಪೆಟ್ಟಿಗೆ’ ಕೊಳ್ಳಬೇಕು, ಒಳಗೆ ಏನು ಬರುತ್ತದೋ ಅದು ನಿಮ್ಮದು. ಇಂಥ ಪೆಟ್ಟಿಗೆಗಳಲ್ಲಿ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಕೊಳ್ಳುವ ಮೊದಲೇ ತಿಳಿಸಬೇಕೆಂದು ಆ್ಯಪಲ್ ಮತ್ತು ಗೂಗಲ್ ಎರಡೂ ತಮ್ಮ ಆ್ಯಪ್ ಅಂಗಡಿಗಳಲ್ಲಿ ನಿಯಮ ಮಾಡಿವೆ. ದಯವಿಟ್ಟು ಆ ಪಟ್ಟಿ ತೆರೆದು ನೋಡಿ. ಶೇ. 1 ಎಂದಿದ್ದರೆ ನೂರು ಪೆಟ್ಟಿಗೆ ಕೊಂಡವರಿಗೆ ಒಂದು ಖಂಡಿತ ಸಿಗುತ್ತದೆ ಎಂದು ತೋರುತ್ತದೆ. ಲೆಕ್ಕ ಹಾಗಿಲ್ಲ. ನೂರು ಜನ ತಲಾ ನೂರು ಪೆಟ್ಟಿಗೆ ತೆರೆದರೆ ಅವರಲ್ಲಿ ಸುಮಾರು 37 ಜನರಿಗೆ ಆ ವಸ್ತು ಒಮ್ಮೆಯೂ ಸಿಗುವುದಿಲ್ಲ. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಪರಿಗಣಿಸಿತು. ಅದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಕ್ಕಳ ವಿಚಾರಕ್ಕೆ ಬರುತ್ತೇನೆ. ನನ್ನ ಅಕ್ಕನ ಮಗಳೂ ಅದೇ ಆಟ ಆಡುತ್ತಿದ್ದಳು. ಒಂದು ಸಂಜೆ ಬಂದು, “ಚಿಕ್ಕಮ್ಮ, ನಮ್ಮ ತಂಡದ ಅಕ್ಕ ವಜ್ರ ಕಳಿಸುತ್ತಾರಂತೆ. ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದಿದೆಯಂತೆ, ಹೇಳಿ” ಎಂದಳು. ಬಂದಿದ್ದು ಓಟಿಪಿ. ಆ ‘ಅಕ್ಕ’ನನ್ನು ಅವಳು ನೋಡಿಯೂ ಇರಲಿಲ್ಲ, ಆದರೆ ದಿನವೂ ಅವಳ ಉಡುಗೆಗಳನ್ನು ಹೊಗಳುತ್ತಿದ್ದವರು ಅವರೇ. ಮಗುವನ್ನು ಗದರಿಸಬೇಡಿ, ಕೂರಿಸಿಕೊಂಡು ವಿವರಿಸಿ, ಆಟದೊಳಗಿನ ಮಾತುಕತೆಯ ಸೌಲಭ್ಯವನ್ನು ಮುಚ್ಚಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಈಗ ವಾರದ ಪಾಸ್, ಅಂದರೆ ವಾರವಾರ ಹಣ ಕಟ್ಟುವ ಚಂದಾ. ಕೆಲವು ದಿನ ಉಚಿತ ಎಂದು ತೋರಿಸಿ, ಪಕ್ಕದಲ್ಲಿ ಗಡಿಯಾರ ಓಡಿಸಿ, ಹಣ ತಾನಾಗಿಯೇ ಕಡಿತವಾಗುವ ಯುಪಿಐ ಆಟೋಪೇಗೆ ಒಪ್ಪಿಗೆ ಪಡೆಯುತ್ತಾರೆ. ಪಾಸ್ ನಿಲ್ಲಿಸುವ ಗುಂಡಿ ಆಟದೊಳಗೆ ಎಲ್ಲಿಯೂ ಇರಲಿಲ್ಲ. ಆಟವನ್ನು ಅಳಿಸಿದರೆ ಪಾಸ್ ರದ್ದಾಗುವುದಿಲ್ಲ ಎಂಬುದನ್ನು ನೆನಪಿಡಿ. ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರವನ್ನು ಒತ್ತಿ ಪಾವತಿ ಮತ್ತು ಚಂದಾ ಎಂಬ ಕಡೆ ಹೋಗಿ ಅಲ್ಲಿ ರದ್ದು ಮಾಡಬೇಕು. ಆಮೇಲೆ ನಿಮ್ಮ ಯುಪಿಐ ಆ್ಯಪಿನ ಆಟೋಪೇ ಪಟ್ಟಿಯಲ್ಲೂ ನೋಡಿ, ಉಳಿದಿದ್ದರೆ ಅಲ್ಲೂ ತೆಗೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಜಾಹೀರಾತು ಸಂದೇಶಗಳ ರಾಶಿಯಲ್ಲಿ ಅದು ಹುದುಗಿಹೋಗುತ್ತದೆ, ಹುಡುಕಿ ಓದಿ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರ ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಚಂದಾದಲ್ಲಿ ಸಿಕ್ಕಿಸಿ ಹೊರಬರಲು ಬಿಡದಿರುವುದು ಎರಡೂ ಅದರಲ್ಲಿವೆ. ದೂರು ಕೊಡುವಾಗ ಇದನ್ನು ಹೆಸರಿಸಿ ಬರೆಯಿರಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದೆ. ಗಡಿಯಾರದ ಪರದೆ, ಸಹಾಯ ಪುಟದ ಕೊನೆಯ ಸಾಲುಗಳು, ಬ್ಯಾಂಕಿನ ಸಂದೇಶಗಳು, ಎಲ್ಲದರ ಚಿತ್ರ ತೆಗೆದಿಟ್ಟುಕೊಂಡಿದ್ದರಿಂದ ಹೇಳಿಕೆಗೆ ಬಲ ಬಂತು. ಪ್ಲೇ ಸ್ಟೋರಿನಲ್ಲಿ ಕೊಂಡದ್ದರ ಹಣ ವಾಪಸ್ ಕೇಳುವುದಿದ್ದರೆ 48 ಗಂಟೆಯೊಳಗೆ ಗೂಗಲ್‌ಗೇ ಕೇಳಿ. ಆ ಅವಧಿ ದಾಟಿದರೆ ಸಾಮಾನ್ಯವಾಗಿ ಆಟದ ಕಂಪನಿಯವರನ್ನೇ ಕೇಳಬೇಕಾಗುತ್ತದೆ, ನನಗೆ ಅವರಿಂದ ಬಂದದ್ದು ಯಂತ್ರ ಬರೆದ ಉತ್ತರಗಳು ಮಾತ್ರ. ಕೊನೆಯ ಕಂತಿನ ಹಣ ಮರಳಿ ಬಂದಿದೆ. ಹಿಂದಿನ ಕಂತುಗಳು ಬಂದಿಲ್ಲ, ದೂರು ಇನ್ನೂ ನಡೆಯುತ್ತಿದೆ.