ಕಠ್ಮಂಡುವಿನ ಆಶ್ರಯಧಾಮವೋ, ರಾಯಚೂರಿನ ಮಕ್ಕಳ ಮನೆಯೋ?

ಬಿ.ಎಡ್. ಮುಗಿಸಿದ ಕೊಪ್ಪಳದ ತಂಗಿಯೊಬ್ಬಳು, ಅನಾಥ ಮಕ್ಕಳ ನಡುವೆ ಎರಡು ತಿಂಗಳ ಸ್ವಯಂಸೇವೆಗೆ ಇವೆರಡರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾಳೆ.

ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಕಿಲ್ಲ. ಗೋರಖಪುರಕ್ಕೆ ರೈಲು, ಸುನೌಲಿ ಗಡಿ ದಾಟಿದರೆ ಬಸ್ಸು. ಆದರೆ ಮಧ್ಯವರ್ತಿಗಳು ಸ್ವಯಂಸೇವಕರಿಂದಲೇ ಶುಲ್ಕ ಪಡೆಯುವುದುಂಟು. ರಾಯಚೂರಿನಲ್ಲಾದರೆ ಬಸ್ಸಿನ ಖರ್ಚಷ್ಟೇ.

ಭಾಷೆಯ ಮಾತು ಬೇರೆ. ನಡುರಾತ್ರಿ ಎದ್ದ ಮಗುವೊಂದು ‘ಅಕ್ಕಾ, ಹೊಟ್ಟಿ ನೋಯಾಕತ್ತೈತಿ’ ಎಂದರೆ ಇಲ್ಲಿ ಆಕೆಗೆ ಒಡನೆ ತಿಳಿಯುತ್ತದೆ. ಅಲ್ಲಿ ಹಿಂದಿ ಸ್ವಲ್ಪ ಮಟ್ಟಿಗೆ ನೆರವಾದೀತು, ಅಷ್ಟೇ.

ನನ್ನನ್ನು ಹೆಚ್ಚು ಕಾಡುವುದು ನಂಬಿಕೆಯ ಪ್ರಶ್ನೆ. ನೇಪಾಳದಲ್ಲಿ ಹೆತ್ತವರು ಬದುಕಿರುವ ಹಳ್ಳಿಯ ಮಕ್ಕಳನ್ನು ಶಿಕ್ಷಣದ ಆಸೆ ತೋರಿಸಿ ಕರೆತಂದು, ಅನಾಥರೆಂದು ಬಿಂಬಿಸಿ ಪ್ರವಾಸಿಗರಿಂದ ಹಣ ಎತ್ತಿದ ಪ್ರಕರಣಗಳು ಬಯಲಾಗಿವೆ. ಇಲ್ಲಿಯೂ ಎಲ್ಲವೂ ಚೊಕ್ಕವೆಂದಲ್ಲ. ಆದರೂ 2015ರ ಬಾಲನ್ಯಾಯ ಕಾಯ್ದೆಯಡಿ ಇಂಥ ಮಕ್ಕಳ ಮನೆಗಳ ನೋಂದಣಿ ಕಡ್ಡಾಯವಾಗಿರುವುದರಿಂದ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿಕೊಳ್ಳಬಹುದು.

ಶುಶ್ರೂಷೆ, ವಾಕ್‌ಚಿಕಿತ್ಸೆಯಂಥ ಪರಿಣತಿಯಿದ್ದು, ಅಲ್ಲಿನ ಸಿಬ್ಬಂದಿಗೆ ತರಬೇತಿ ನೀಡುವುದಾದರೆ ಕಠ್ಮಂಡು ಸಾರ್ಥಕ. ಮಕ್ಕಳೊಡನೆ ನೇರವಾಗಿ ಬೆರೆಯುವ ಹಂಬಲವಿದ್ದರೆ ರಾಯಚೂರೇ ಮೇಲು, ಏಕೆಂದರೆ ಎರಡು ತಿಂಗಳು ಕಳೆದ ಮೇಲೂ ಭಾನುವಾರಗಳಂದು ಹೋಗಿ ಬರಬಹುದು.