ಗೋಡೆಗೆ ಬಂದ ತುಡುವೆ: ಓಡಿಸೋದಾ, ಬಿಡೋದಾ, ಪೆಟ್ಟಿಗೆಗೆ ಕೂರಿಸೋದಾ?

ಯುರೋಪಿನಲ್ಲಿ ಚಳಿ ಬಿತ್ತೆಂದರೆ ಜೇನುನೊಣಗಳು ಗೂಡಿನೊಳಗೆ ಒಂದಕ್ಕೊಂದು ಅಂಟಿಕೊಂಡು ತಿಂಗಳುಗಟ್ಟಲೆ ಕೂತಿರುತ್ತವೆ. ನಮ್ಮ ಶಿರಸಿ, ಸಿದ್ದಾಪುರದ ಕಡೆ ಲೆಕ್ಕವೇ ಬೇರೆ. ಇಲ್ಲಿ ಬೆಳಗ್ಗೆ ಒಂದಿಷ್ಟು ಚಳಿ, ಹತ್ತು ಗಂಟೆಗೆಲ್ಲ ಬಿಸಿಲು. ಮಳೆಗಾಲದಲ್ಲಿ ಸೊರಗಿದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ಜೇನು) ಕುಟುಂಬಗಳು ಅಕ್ಟೋಬರಿನಿಂದ ಮರಿ ಬೆಳೆಸಿ ಬಲವಾಗುತ್ತವೆ. ನವೆಂಬರ್, ಡಿಸೆಂಬರಿನ ಹೊತ್ತಿಗೆ ಪಾಲಾಗಲು ಶುರು. ಹಳೆ ರಾಣಿ ಒಂದಷ್ಟು ನೊಣಗಳನ್ನು ಕಟ್ಟಿಕೊಂಡು ಹೊಸ ಜಾಗ ಹುಡುಕಿ ಹೊರಡುತ್ತದೆ. ಹೀಗೆ ಹೊರಟ ಗುಂಪೇ ಪಾಲು. ಕಾಡಿನಲ್ಲಾದರೆ ಮರದ ಪೊಟರೆಯೋ ಹುತ್ತವೋ ಸಿಗುತ್ತದೆ. ಊರಿನಲ್ಲಾದರೆ ನಮ್ಮ ಗೋಡೆ.

ನಮ್ಮದು ಚಿರೆಕಲ್ಲಿನ ಹಳೆ ಮನೆ. ಕಲ್ಲಿನ ನಡುವಿನ ಮಣ್ಣು ಅಲ್ಲಲ್ಲಿ ಉದುರಿ ಒಳಗೆ ಪೊಳ್ಳಾಗಿದೆ. ಅಕ್ಕನ ಮನೆಯಲ್ಲಿ ಅಟ್ಟದ ಹಲಗೆಯ ಸಂದಿ ಇದೆ. ಪೇಟೆಯಲ್ಲಿರುವ ಭಾವನ ಬಾಡಿಗೆ ಮನೆಯಲ್ಲಿ ಟೊಳ್ಳು ಇಟ್ಟಿಗೆಯ ಗೋಡೆ. ಮೂರೂ ಕಡೆ ತುಡುವೆ ಬಂದಿದೆ, ಮೂರೂ ಕಡೆ ಬೇರೆ ಬೇರೆ ಉಪಾಯ ಮಾಡಿ ನೋಡಿದ್ದೇವೆ. ನಾನು ಯಾವುದು ಚೆನ್ನಾಗಿದೆ ಅಂತ ಅಳೆಯುವುದು ಒಂದೇ ಲೆಕ್ಕದಲ್ಲಿ: ಕೆಲಸ ಮುಗಿದ ಮೇಲೆ ಗೋಡೆಯೊಳಗೆ ಏನು ಉಳಿಯಿತು?

ಮೊದಲು ಬಂದಿರುವುದು ಯಾವುದು ಅಂತ ನೋಡಿ. ಕಿಂಡಿಯಲ್ಲಿ ಅಂಟಿನ ಸಣ್ಣ ಕೊಳವೆ ಇದ್ದು, ಸೊಳ್ಳೆಯಷ್ಟು ಪುಟ್ಟ ಕಪ್ಪು ನೊಣ ಓಡಾಡುತ್ತಿದ್ದರೆ ಅದು ಮಿಸರಿ. ಮುಜಂಟಿ ಅಂದರೂ ಅದೇ. ಅದು ಚುಚ್ಚುವುದಿಲ್ಲ, ಗೋಡೆಯನ್ನು ಕೊರೆಯುವುದೂ ಇಲ್ಲ. ಸುಮ್ನೆ ಬಿಟ್ಟುಬಿಡಿ. ಬಯಲಲ್ಲಿ, ಸಜ್ಜಾದ ಕೆಳಗೆ ದೊಡ್ಡದಾಗಿ ಒಂದೇ ಎರಿ (ಮೇಣದ ತಟ್ಟೆ) ನೇತಾಡುತ್ತಿದ್ದರೆ ಹೆಜ್ಜೇನು. ಅದರ ಹತ್ತಿರ ನಿಮ್ಮ ಪ್ರಯೋಗ ಬೇಡವೇ ಬೇಡ. ಕತ್ತಲೆಯ ಪೊಳ್ಳಿನಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದು ತುಡುವೆ. ಇಲ್ಲಿನ ಮಾತೆಲ್ಲ ಅದರದ್ದೇ.

ಹೊಗೆಯಿಂದ ಶುರು ಮಾಡೋಣ. ಹೆಚ್ಚಿನವರು ಮೊದಲು ಮಾಡುವುದು ಇದನ್ನೇ. ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿ, ಮೇಲೆ ಒಂದಿಷ್ಟು ಹಸಿ ಸೊಪ್ಪು ಹಾಕಿ ಕಿಂಡಿಗೆ ಹಿಡಿದರೆ ಆಯಿತು. ಖರ್ಚಿಲ್ಲ. ಪಾಲು ಬಂದು ಒಂದೆರಡು ದಿನ ಆಗಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆಗಿನ್ನೂ ಎರಿ ಸರಿಯಾಗಿ ಕಟ್ಟಿರುವುದಿಲ್ಲ, ಮರಿ ಇಲ್ಲ, ಅವಕ್ಕೂ ಆ ಜಾಗದ ಮೇಲೆ ಆಸೆ ಇಲ್ಲ. ಅಕ್ಕನ ಅಟ್ಟದಿಂದ ಹೀಗೆ ಎದ್ದು ಹೋದ ಪಾಲು ಎದುರಿನ ಹಲಸಿನ ಮರದಲ್ಲಿ ಕೂತು, ಮಾರನೇ ದಿನ ಕಾಡಿನ ಕಡೆ ಹೋಯಿತು.

ಮರಿ ಇಟ್ಟ ಮೇಲೆ ಮಾತ್ರ ಹೊಗೆಯ ಆಟ ನಡೆಯುವುದಿಲ್ಲ. ಹೊಗೆ ತಗುಲಿದ ಕೂಡಲೇ ನೊಣಗಳು ಹೊಟ್ಟೆ ತುಂಬ ಜೇನುತುಪ್ಪ ಹೀರಿಕೊಂಡು ಇನ್ನೂ ಒಳಗೆ ಸರಿಯುತ್ತವೆ. ಹೊಗೆ ಆರಿದ ಮೇಲೆ ಮತ್ತೆ ಬಾಗಿಲಿಗೆ ಬರುತ್ತವೆ. ನಮ್ಮ ಊರಿನ ಜೇನು ಹಿಡಿಯುವವರು ಹೇಳಿದ್ದೂ ಅಷ್ಟೇ: "ತಮಾ, ಮರಿ ಎರಿ ಬಿಟ್ಟು ಅವು ಸುಲಭಕ್ಕೆ ಏಳೋದಿಲ್ಲ. ನಿನ್ನ ಕಣ್ಣೇ ಉರಿಯೋದು." ಜಾಸ್ತಿ ಹೊಗೆ ಕೊಟ್ಟು ಹಟ ಮಾಡಿದರೆ ಕುಟುಂಬ ಎರಿಯನ್ನೆಲ್ಲ ಬಿಟ್ಟು ಪರಾರಿಯಾಗುವುದೂ ಉಂಟು. ಆಗ ಗೋಡೆಯೊಳಗೆ ಮರಿ ಸಾಯುತ್ತದೆ, ತುಪ್ಪ ಉಳಿಯುತ್ತದೆ. ಹಂಚಿನ ಮಾಡು, ಒಣಗಿದ ಪಕಾಸು, ಪಕ್ಕದಲ್ಲಿ ಬೆಂಕಿ. ಅದರ ಅಪಾಯ ಬೇರೆ ಹೇಳಬೇಕಿಲ್ಲ ಅಲ್ವಾ?

ಔಷಧಿ ಹೊಡೆಸಿದ್ದು ಭಾವನ ಮನೆಯಲ್ಲಿ. ಮನೆ ಯಜಮಾನರಿಗೆ ಅವಸರ. ಜಿರಳೆಗೆ ಔಷಧಿ ಹೊಡೆಯುವವರೇ ಬಂದು ಕಿಂಡಿಗೆ ಪೈಪ್ ಇಟ್ಟು ಹೊಡೆದು, ಮೇಲೆ ಸಿಮೆಂಟ್ ಮೆತ್ತಿ ಹೋದರು. ಸಂಜೆಯೊಳಗೆ ಸದ್ದು ನಿಂತಿತು. ಹೋಲಿಕೆಯಲ್ಲಿ ಇದರಷ್ಟು ಬೇಗ ಮುಗಿಯುವ ಉಪಾಯ ಇನ್ನೊಂದಿಲ್ಲ. ಆದರೆ ಉಳಿಯುವ ಕಸದ ಲೆಕ್ಕದಲ್ಲಿ ಇದರಷ್ಟು ಕೆಟ್ಟದ್ದೂ ಇಲ್ಲ.

ಯಾಕೆ ಅಂದರೆ, ಗೂಡನ್ನು ತಂಪಾಗಿ ಇಡುವುದು ನೊಣಗಳೇ. ಮರಿ ಇರುವ ಜಾಗದಲ್ಲಿ ಅವು 33ರಿಂದ 35 ಡಿಗ್ರಿ ಶಾಖ ಕಾಯ್ದುಕೊಳ್ಳುತ್ತವೆ. ಸೆಕೆ ಜಾಸ್ತಿಯಾದರೆ ನೀರು ತಂದು ಚಿಮುಕಿಸಿ ರೆಕ್ಕೆ ಬೀಸುತ್ತವೆ. ನೊಣ ಸತ್ತ ಮೇಲೆ ಬೀಸುವವರು ಯಾರು? ಸತ್ತ ಮರಿಯ ನಾತ ಮೊದಲು ಬಂತು. ಮಾರ್ಚ್ ಬಿಸಿಲಿಗೆ ಮೇಣ ಮೆತ್ತಗಾಗಿ ಎರಿ ಕಳಚಿ, ತುಪ್ಪ ಸುಣ್ಣದ ಗೋಡೆಯಲ್ಲಿ ಕಂದು ಕಲೆಯಾಗಿ ಇಳಿಯಿತು. ಹಿಂದೆಯೇ ಇರುವೆ, ಮೇಣದ ಹುಳ. ಬಣ್ಣ ಹೊಡೆಸಿದರೂ ಕಲೆ ಮೇಲೆ ಬಂತು. ಕೊನೆಗೆ ಗೋಡೆ ಒಡೆಯುವುದು ತಪ್ಪಲಿಲ್ಲ. ಹಾಗಾದರೆ ಮೊದಲೇ ಒಡೆಯಬಹುದಿತ್ತಲ್ಲ!

ಇನ್ನೊಂದು ವಿಷಯ. ಔಷಧಿ ಬೆರೆತ ತುಪ್ಪವನ್ನು ಹೊರಗಿನ ನೊಣಗಳು ಕದಿಯಲು ಬರುತ್ತವೆ. ಸಂದಿ ಸರಿಯಾಗಿ ಮುಚ್ಚಿರದಿದ್ದರೆ ಅಕ್ಕಪಕ್ಕದ ಪೆಟ್ಟಿಗೆಗಳಿಗೂ ವಿಷ ಹೋಗುತ್ತದೆ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತುಹೋಗಿದ್ದವು. ಸಾಲಾಗಿ ಪೆಟ್ಟಿಗೆ ಖಾಲಿಯಾದದ್ದನ್ನು ನೋಡಿದ ಹಿರಿಯರು ಇವತ್ತಿಗೂ ಗೋಡೆಯ ಜೇನಿಗೆ ವಿಷ ಹಾಕಿದರು ಅಂದರೆ ಸಿಟ್ಟಾಗುತ್ತಾರೆ. ನನಗೂ ಅದೇ ಸಿಟ್ಟು.

ಜಾಲರಿ ಕೊಳವೆಯ ಉಪಾಯವೂ ಒಂದಿದೆ. ಕಿಂಡಿಗೆ ತಂತಿ ಜಾಲರಿಯನ್ನು ಆಲಿಕೆಯಂತೆ ಸುತ್ತಿ, ತುದಿಯಲ್ಲಿ ಒಂದು ನೊಣ ಹೊರಬರುವಷ್ಟು ತೂತು ಬಿಡುವುದು. ಹೊರಗೆ ಹೋದದ್ದು ಒಳಗೆ ಬರಲಾಗದೆ ಪಕ್ಕದಲ್ಲಿಟ್ಟ ಪೆಟ್ಟಿಗೆ ಸೇರಬೇಕು. ಒಡೆಯಲಾಗದ ಕಾಂಕ್ರೀಟ್ ಗೋಡೆಗೆ ಇದು ಸರಿ. ಹಳೆ ಮನೆಗೆ ಸಲ್ಲ. ನಮ್ಮ ಗೋಡೆಯಲ್ಲಿ ಅವು ಎರಡೇ ದಿನದಲ್ಲಿ ಬೇರೆ ಸಂದಿ ಕಂಡುಕೊಂಡವು, ಅದೂ ದೇವರ ಕೋಣೆಯೊಳಗೆ. ಅದಲ್ಲದೆ ಒಳಗಿರುವ ಮರಿಯೆಲ್ಲ ನೊಣವಾಗಿ ಹೊರಬರಲು ಸುಮಾರು ಮೂರು ವಾರ ಬೇಕು. ರಾಣಿ ಹೆಚ್ಚಾಗಿ ಒಳಗೇ ಉಳಿಯುತ್ತದೆ. ತುಪ್ಪವಂತೂ ಅಲ್ಲೇ.

ಪೆಟ್ಟಿಗೆಗೆ ಕೂರಿಸುವುದು ನನ್ನ ಮೊದಲ ಆಯ್ಕೆ. ದುಡ್ಡು, ಶ್ರಮ ಎರಡೂ ಜಾಸ್ತಿ: ಜೇನು ಹಿಡಿಯುವವರ ಕೂಲಿ, ಪೆಟ್ಟಿಗೆಯ ಬೆಲೆ, ಆಮೇಲೆ ಗಾರೆ ಕೆಲಸ. ಆದರೂ ಗೋಡೆಯೊಳಗೆ ಏನೂ ಉಳಿಯದ ದಾರಿ ಇದೊಂದೇ.

ನಮ್ಮಲ್ಲಿ ಮಧ್ಯಾಹ್ನ ಇಳಿಹೊತ್ತಿಗೆ ಶುರು ಮಾಡಿದರು. ಸ್ವಲ್ಪವೇ ಹೊಗೆ. ಕಿಂಡಿಯ ಸುತ್ತಲಿನ ಮಣ್ಣು ಕೆರೆದು ಒಂದು ಕಲ್ಲು ಕಿತ್ತರು. ಮರಿ ಇರುವ ಎರಿಗಳನ್ನು ಒಂದೊಂದಾಗಿ ಕೊಯ್ದು, ಪೆಟ್ಟಿಗೆಯ ಚೌಕಟ್ಟಿಗೆ ಬಾಳೆ ನಾರಿನಲ್ಲಿ ಕಟ್ಟಿದರು. ಮೇಲೆ ಕೆಳಗೆ ಆಗಬಾರದು, ಗೋಡೆಯಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು. ತುಪ್ಪದ ಎರಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಸೋರಿದರೆ ಇರುವೆ ಬರುತ್ತದೆ. ಅದನ್ನು ಮನೆಯವರು ಹಂಚಿಕೊಂಡೆವು.

ಎಲ್ಲ ನಿಂತಿರುವುದು ರಾಣಿಯ ಮೇಲೆ. ರಾಣಿಯನ್ನು ಹಿಡಿದು ಪುಟ್ಟ ಪಂಜರದಲ್ಲಿಟ್ಟು ಪೆಟ್ಟಿಗೆಯೊಳಗೆ ಸೇರಿಸಿದರೆ ಉಳಿದವು ತಾವಾಗಿಯೇ ಒಳಗೆ ನಡೆಯುತ್ತವೆ. ರಾಣಿ ಸಿಗದಿದ್ದರೆ ಪೆಟ್ಟಿಗೆಗೆ ಹಾಕಿದ ನೊಣವೂ ಗೋಡೆಗೆ ವಾಪಸ್. ಕತ್ತಲಾಗುವವರೆಗೆ ಪೆಟ್ಟಿಗೆಯನ್ನು ಅಲ್ಲೇ ಕಿಂಡಿಯ ಹತ್ತಿರ ಬಿಡಬೇಕು. ಮೇವಿಗೆ ಹೋದವೆಲ್ಲ ಬಂದ ಮೇಲೆ ಬಾಗಿಲು ಮುಚ್ಚಿ ಎರಡು ಮೂರು ಕಿಲೋಮೀಟರ್ ದೂರದ ತೋಟಕ್ಕೆ ಸಾಗಿಸಿದರೆ ಒಳ್ಳೆಯದು. ಅದೇ ಅಂಗಳದ ಇನ್ನೊಂದು ಮೂಲೆಗೆ ಇಟ್ಟರೆ ಬೆಳಗ್ಗೆ ನೊಣಗಳು ಹಳೆ ಗೋಡೆಗೇ ಹೋಗಿ ಸುತ್ತುತ್ತವೆ. ಶುರುವಿಗೆ ಸಂಜೆ ಹೊತ್ತು ಸಕ್ಕರೆ ನೀರು ಕೊಡಬೇಕು.

ಕೂರಿಸಿದ್ದೆಲ್ಲ ನಿಲ್ಲುತ್ತದೆ ಅಂತ ತಿಳಿಯಬೇಡಿ. ತುಡುವೆಗೆ ಪರಾರಿಯಾಗುವ ಚಾಳಿ ಇದೆ. ಡಿಸೆಂಬರ್, ಜನವರಿಯಲ್ಲಿ ಮಾಡಿದರೆ ಮುಂದೆ ಹೂವಿನ ಕಾಲ, ನಿಲ್ಲುವ ಸಂಭವ ಜಾಸ್ತಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಒಂದು ವೇಳೆ ಹೋದರೂ ಗೋಡೆ ಖಾಲಿಯಾಗಿದೆ, ಅಷ್ಟು ಲಾಭ. ಹಿಡಿಯುವವರು ಸಿಗದಿದ್ದರೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಜೇನು ಸಾಕುವವರ ಪರಿಚಯ ಅವರಿಗಿರುತ್ತದೆ.

ಏನೂ ಮಾಡದೆ ಬಿಡುವುದೂ ಒಂದು ಆಯ್ಕೆ. ಗೂಡು ಎತ್ತರದಲ್ಲಿದ್ದು, ಕಿಂಡಿ ಹೊರಗಡೆಗೆ ಮಾತ್ರ ಇದ್ದರೆ ನಾನು ಬಿಡುತ್ತೇನೆ. ಮಳೆಗಾಲದಲ್ಲಿ ಮೇವಿಲ್ಲದೆ ಎಷ್ಟೋ ಕುಟುಂಬಗಳು ತಾವೇ ಜಾಗ ಬಿಟ್ಟು ಹೋಗುತ್ತವೆ. ಆಗ ತುಪ್ಪವೂ ಇರುವುದಿಲ್ಲ, ಒಣ ಎರಿ ಕೆರೆದು ತೆಗೆಯುವುದು ಸುಲಭ. ಆದರೆ ಕಿಂಡಿ ಕೋಣೆಯೊಳಗೂ ತೆರೆದಿದ್ದರೆ ಬಿಡಬೇಡಿ. ರಾತ್ರಿ ದೀಪಕ್ಕೆ ಬಂದು ಹಾಸಿಗೆ ಮೇಲೆ ಬೀಳುತ್ತವೆ. ಹಿಂದೆ ಜೇನು ಚುಚ್ಚಿ ಉಸಿರಾಟಕ್ಕೆ ತೊಂದರೆಯಾದವರು ಮನೆಯಲ್ಲಿದ್ದರೂ ಕಾಯಬಾರದು. ಅಂಥವರಿಗೆ ಒಂದು ಚುಚ್ಚಿದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವ ದಾರಿ ಹಿಡಿದರೂ ಕೊನೆಯಲ್ಲಿ ಪೊಳ್ಳನ್ನು ಪೂರ್ತಿ ತುಂಬಿಸಲೇಬೇಕು. ಬರೀ ಬಾಯಿ ಮುಚ್ಚಿದರೆ ಸಾಲದು. ಹಳೆ ಮೇಣದ ವಾಸನೆ ಹಿಡಿದು ಮುಂದಿನ ವರ್ಷದ ಪಾಲು ಅಲ್ಲಿಗೇ ಬರುತ್ತದೆ. ಎರಿಯ ಚೂರು ಬಿಡದೆ ಕೆರೆದು, ತೊಳೆದು, ಚಿರೆಕಲ್ಲಿನ ಚೂರು ಮತ್ತು ಗಾರೆ ಹಾಕಿ ಬಿಗಿಮಾಡಿ. ಅಟ್ಟದ ಸಂದಿಗೆ ಸೊಳ್ಳೆ ಜಾಲರಿ ಬಡಿದರೂ ನಡೆಯುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ಖಾಲಿ ಪೆಟ್ಟಿಗೆಗೆ ಒಳಗಿನಿಂದ ಹಳೆ ಮೇಣ ಉಜ್ಜಿ ಅಂಗಳದ ಅಂಚಿನ ನೆರಳಿನಲ್ಲಿ ಇಟ್ಟರೆ, ಜಾಗ ಹುಡುಕಿ ಬರುವ ನೊಣಗಳು ಗೋಡೆ ಬಿಟ್ಟು ಅದನ್ನೇ ಆರಿಸಿಕೊಳ್ಳಬಹುದು. ಪೆಟ್ಟಿಗೆ ಇಲ್ಲದಿದ್ದರೆ ಹಳೆ ಮಡಕೆಯಾದರೂ ಸಾಕು. ಜಿರಳೆ, ಇರುವೆ ಸೇರಿಕೊಂಡಿವೆಯಾ ಅಂತ ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿರಿ.